ಹಕ್ಕು ಬಿಡುಗಡೆಯ ಕರಡು

ವಿರಾಜಪೇಟೆ, ನೋಂದಣಿ ಕಚೇರಿಯ ಹೊರಜಗಲಿ.
ಮೂವತ್ತೊಂದು ವರ್ಷ ಇದೇ ಬೆಂಚು, ಇದೇ ಕಸುಬು:
ಯಾರಿಂದ, ಯಾರಿಗೆ.
ಮಿಕ್ಕಿದ್ದು ಚೆಕ್ಕುಬಂದಿ.
ಮೂಡಲಿಗೆ ತೋಡು, ಪಡುವಲಿಗೆ ಕಾಫಿತೋಟದ ಬೇಲಿ,
ತೆಂಕಲಿಗೆ ಸರ್ಕಾರಿ ಪೈಸಾರಿ.

ಒಮ್ಮೆ ‘ಇಂದ’ ಬೀಳಬೇಕಾದಲ್ಲಿ ‘ಗೆ’ ಬಿದ್ದು
ಮಾರಿದವನೇ ಕೊಂಡವನಾಗಿ
ಎರಡು ವರ್ಷ ಕೋರ್ಟಿಗೆ ನಡೆದ.
ನಾನೂ ನಡೆದೆ.
ಅಂದಿನಿಂದ ಪ್ರತ್ಯಯವೆಂದರೆ
ಚೇಳನ್ನು ಕಂಡ ಹಾಗೆ,
ಇರುವುದೆಲ್ಲ ಬಾಲದಲ್ಲಿ.

ಶಾಲೆಯಲ್ಲಿ ಏಳನ್ನೂ ಬಾಯಿಪಾಠ ಮಾಡಿದ್ದೆ.
ಐದನೆಯದು ‘ದೆಸೆಯಿಂದ’.
ಮರದ ದೆಸೆಯಿಂದ ಎಲೆ ಬಿದ್ದಿತು, ಬರೆ ಹತ್ತು ಸಲ.
ಈ ಊರಲ್ಲಿ ಇಲ್ಲಿಯ ತನಕ
ಯಾವ ಎಲೆಯೂ ಹಾಗೆ ಬಿದ್ದದ್ದಿಲ್ಲ.

ಎದುರಿನ ಬ್ಯಾಂಕಿಗೆ ಕಾನ್ಪುರದ ಹುಡುಗನೊಬ್ಬ ಬಂದಿದ್ದಾನೆ.
ಬರೆಯುತ್ತೇನೆ ಅನ್ನುವಾಗ ಅವನ ‘ಮೈ’ ಬರಿಮೈ.
ಬರೆದು ಮುಗಿಸಿದನೋ, ‘ಮೈನೇ’.
ಕೆಲಸ ಮುಗಿದ ಮೇಲೆಯೇ
ಮಾಡಿದವನ ಹಣೆಗೆ ಮುದ್ರೆ.
ನಮ್ಮ ಸಬ್‌ರಿಜಿಸ್ಟ್ರಾರರೂ ಹಾಗೆಯೇ ಅಲ್ಲವೆ ಎಂದೆ.
ನಕ್ಕ. ಅರ್ಥವಾಯಿತೋ ಇಲ್ಲವೋ.

ಇಂಗ್ಲಿಷಿಗೆ ಬಾಲವಿಲ್ಲ, ಅದು ರೇಷನ್ ಅಂಗಡಿಯ ಕ್ಯೂ.
ಮುಂದೆ ನಿಂತವ ಹೊಡೆದವ, ಹಿಂದಿನವ ಹೊಡೆಸಿಕೊಂಡವ;
ಕ್ಯೂ ತಪ್ಪಿದರೆ ಹಂದಿಯೇ ಬೇಟೆಗಾರ.
ನಮ್ಮ ಹಂದಿಯನ್ನು ಎಲ್ಲಿ ನಿಲ್ಲಿಸಿದರೂ ಸರಿ,
ಬೆನ್ನ ಮೇಲೆ ‘ಯನ್ನು’ ಇದ್ದರೆ
ಗುಂಡು ಅದನ್ನೇ ಹುಡುಕಿಕೊಂಡು ಬರುತ್ತದೆ.

ಇವತ್ತು ಚೋಂದವ್ವ ಬಂದರು, ಜೊತೆಗೆ ತಮ್ಮ ಮುದ್ದಯ್ಯ.
ಒಂದು ಎಕರೆ ಹನ್ನೆರಡು ಸೆಂಟು, ಹೊಳೆಕರೆಯ ಗದ್ದೆ.
ನಿಮ್ಮ ಪಾಲು? ಎಂದೆ, ಕೇಳಲೇಬೇಕಾದ ಕಾರಣ.
ಕೊಡೆಯ ಹಿಡಿಯನ್ನು ತಿರುಗಿಸುತ್ತ ಅಂದರು:
ನಾಕ್ ಬೋಂಡ.

ಬೇಡ.
ಟೀ ಅಂಗಡಿಯ ಮೊಯ್ದು ಕಾಕನಿಗಾದರೆ ‘ಎನಿಕ್ಕ್ ವೇಂಡ’.
ಸುಳ್ಯದಿಂದ ಮದುವೆಯಾಗಿ ಬಂದ ನನ್ನವ್ವ
ಕೊನೆಯ ವಾರ ಗಂಜಿಯ ಬಟ್ಟಲು ಸರಿಸಿ
‘ಎಂಕ್ ಬೊಡ್ಚಿ’ ಅಂದಿದ್ದಳು.
ಘಟ್ಟದ ಮೇಲೂ ಕೆಳಗೂ
ಬೇಡವೆನ್ನುವವರು ಯಾರೂ ‘ನಾನು’ ಆಗಿ ನಿಲ್ಲುವುದಿಲ್ಲ.
ಬೇಡ ಎಂಬುದು ಎಲ್ಲಿಂದಲೋ ನಡೆದು ಬಂದು
ನಮಗೆ ತಲಪುತ್ತದೆ,
ಹಸಿವು ಬಂದ ಹಾಗೆ, ಚಳಿ ಬಂದ ಹಾಗೆ.

ಛಾಪಾ ಕಾಗದ ಅದನ್ನು ಒಪ್ಪುವುದಿಲ್ಲ.
‘ನಾನು, ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ’
ಎಂದೇ ಶುರುವಾಗಬೇಕು.
‘ನನಗೆ’ಯನ್ನು ‘ನಾನು’ ಮಾಡಿಕೊಡುವುದಕ್ಕೆ
ಪುಟಕ್ಕಿಷ್ಟು ಎಂದು ನನ್ನ ಕೂಲಿ.

ಮುದ್ದಯ್ಯ ಕರಡು ಓದಿದ. ಕನ್ನಡಕ ಏರಿಸಿ ಕೇಳಿದ:
‘ಸದರಿ ಗದ್ದೆಯನ್ನು ಬಿಟ್ಟಿರುತ್ತೇನೆ’ ಅಂತ ಯಾಕೆ?
ಗದ್ದೆ ಬಿಟ್ಟೆ ಅಂದರೆ ಸಾಲದಾ?

ಸಾಲುತ್ತದೆ ಮಾರಾಯ, ಗದ್ದೆಗೆ ಸಾಲುತ್ತದೆ.
ಕಾಫಿ ಕುಡಿದೆ, ಮರ ಕಡಿದೆ, ಬೇಲಿ ಕಿತ್ತೆ,
ವಸ್ತುಗಳು ಬರಿಗಾಲಲ್ಲೇ ನಡೆದುಕೊಳ್ಳುತ್ತವೆ.
ಮನುಷ್ಯರಿಗೆ ಆಗದು.
ಅಕ್ಕ ಬಿಟ್ಟೆ ಅಂದು ನೋಡು, ನಾಲಿಗೆ ತಡೆಯುತ್ತದೆ.
ಅಕ್ಕನನ್ನು
ಅನ್ನಲೇಬೇಕಾಗುತ್ತದೆ, ಪೂರ್ತಿ.

ಇಷ್ಟನ್ನೂ ನಾನು ಬಾಯಿಬಿಟ್ಟು ಹೇಳಲಿಲ್ಲ.
‘ಅದು ಹಾಗೇ ಬರೆಯೋದು’ ಅಂದೆ.

ಚೋಂದವ್ವ ಮೂರು ಕಡೆ ಸಹಿ ಹಾಕಿದರು,
ನಾಲ್ಕನೆಯದಕ್ಕೆ ಪೆನ್ನು ನಿಂತಿತು.
ಝಾಡಿಸಿದೆ, ಬರೆಯಲಿಲ್ಲ; ಬೇರೆ ಕೊಟ್ಟೆ.
ಅಷ್ಟು ಹೊತ್ತೂ ಮುದ್ದಯ್ಯ
ಗಡಿಯಾರ ಕಂಬದ ಕಡೆ ಮುಖ ಮಾಡಿ ನಿಂತಿದ್ದ.

ಆಮೇಲೆ ಮೊಯ್ದು ಕಾಕ ಟ್ರೇ ಹಿಡಿದು ಬಂದರು.
ಮೂರು ಲೋಟ, ಒಂದಕ್ಕೆ ಸಕ್ಕರೆ ಹಾಕಿಲ್ಲ.
ಇದು ಆರ್ಕ್ಕಾ? ಎಂದರು.

ನಾನು ಬಾಯಿ ತೆರೆಯುವ ಮೊದಲೇ,
ಕಂಬದಿಂದ ಕಣ್ಣು ಕೀಳದೆ,
ಮುದ್ದಯ್ಯ ಅಂದ:
ಅಕ್ಕನಿಗೆ.